ಅರೆತಲೆನೋವಿನವರ ಕೋಣೆ

ಫಿಜಿಯೋಥೆರಪಿ ಓದಿ ಹೊಸದಾಗಿ ಕೆಲಸಕ್ಕೆ ಸೇರುವವರು ನನ್ನನ್ನು ಭೇಟಿಯಾದಾಗ ಮೊದಲು ಕೇಳುವುದು ಸೊಂಟನೋವಿನ ಬಗ್ಗೆ, ಆಮೇಲೆ ಮೊಣಕಾಲಿನ ಬಗ್ಗೆ. ತಲೆನೋವಿನ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಡಾಕ್ಟರರ ಕೆಲಸ, ಗುಳಿಗೆಯ ಕೆಲಸ ಎಂದು ಅವರು ತಿಳಿದಿರುತ್ತಾರೆ. ಧಾರವಾಡದಲ್ಲಿ ಕಲಿತು ಹೊರಬಿದ್ದಾಗ ನಾನೂ ಹಾಗೆಯೇ ತಿಳಿದಿದ್ದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ಹಿಂದಿರುಗಿ ನೋಡಿದರೆ, ನನ್ನ ವೃತ್ತಿಯಲ್ಲಿ ಎದೆ ಉಬ್ಬಿಸಿ ಹೇಳಿಕೊಳ್ಳಬಹುದಾದದ್ದೆಲ್ಲ ಅರೆತಲೆನೋವಿನವರ ಜೊತೆಗೇ ನಡೆದದ್ದು. ಅದನ್ನೇ ಬರೆಯುತ್ತೇನೆ.

ನನ್ನ ಗಂಡ ಬ್ಯಾಂಕಿನವರು. ಬಾಗಲಕೋಟೆಯಿಂದ ನಾಸಿಕ್‌ಗೆ ಅವರಿಗೆ ವರ್ಗವಾದಾಗ ನಾನು ಅಲ್ಲಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸೇರಿಕೊಂಡೆ. ನಮ್ಮ ವಿಭಾಗ ಎಕ್ಸ್‌ರೇ ಕೋಣೆಯ ಹಿಂದೆ ಇತ್ತು. ಕುತ್ತಿಗೆ ಎಳೆಯುವ ಯಂತ್ರ, ಶಾಖ ಕೊಡುವ ದೀಪ, ಮೇಣದ ತೊಟ್ಟಿ ಇವೇ ನಮ್ಮ ಆಸ್ತಿ. ತಲೆನೋವು ಎಂದು ಯಾರಾದರೂ ಬಂದರೆ ಕುತ್ತಿಗೆಗೆ ಶಾಖ ಕೊಟ್ಟು, ಸ್ವಲ್ಪ ಎಳೆದು, ಭುಜ ತಿಕ್ಕಿ ಕಳಿಸುವುದು ಅಲ್ಲಿನ ಪದ್ಧತಿ. ಕೆಲವರಿಗೆ ಹಾಯೆನಿಸುತ್ತಿತ್ತು. ಬಹಳ ಜನ ಮುಂದಿನ ವಾರ ಅದೇ ನೋವು ಹೊತ್ತು ವಾಪಸ್ ಬರುತ್ತಿದ್ದರು.

ನರರೋಗ ತಜ್ಞರಾಗಿದ್ದ ಡಾಕ್ಟರ್ ಪಾಠಕ್ ಒಂದು ಬೆಳಿಗ್ಗೆ ನೇರವಾಗಿ ನಮ್ಮ ಕೋಣೆಗೆ ಬಂದರು. ಎತ್ತರದ ಆಳು, ಮೂಗಿನ ತುದಿಯಲ್ಲಿ ಸಿಟ್ಟು. ಇಡೀ ಆಸ್ಪತ್ರೆ ಅವರಿಗೆ ಹೆದರುತ್ತಿತ್ತು.

"ಗಿರಿಜಾತಾಯಿ, ನನ್ನ ಮೈಗ್ರೇನ್ ಪೇಷಂಟುಗಳ ಕುತ್ತಿಗೆ ಎಳೆಯೋದನ್ನ ಇವತ್ತಿನಿಂದ ನಿಲ್ಲಿಸಿ," ಎಂದರು ಮರಾಠಿಯಲ್ಲಿ. ಅಲ್ಲಿ ತಾಯಿ ಎಂದರೆ ಅಕ್ಕ.

"ನಿಲ್ಲಿಸಿ ಏನು ಮಾಡಲಿ ಸರ್?"

"ಅದು ನನಗೂ ಪೂರ್ತಿ ಗೊತ್ತಿಲ್ಲ. ಇಬ್ಬರೂ ಕೂತು ಕಲಿಯೋಣ."

ಅಷ್ಟು ದೊಡ್ಡ ಡಾಕ್ಟರ್ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆ ದಿನ ಅವರು ಸ್ಟೂಲಿನ ಮೇಲೆ ಕೂತು ವಿವರಿಸಿದ್ದು ಇಂದಿಗೂ ನನಗೆ ಪಾಠ. ಅರೆತಲೆನೋವಿನವರ ಮಿದುಳು ಕೆಟ್ಟಿರುವುದಿಲ್ಲ, ಅದು ಬದಲಾವಣೆಯನ್ನು ಸಹಿಸುವುದಿಲ್ಲ, ಅಷ್ಟೇ. ನಿದ್ದೆ ಕಡಿಮೆಯಾದರೂ ಏಳುತ್ತದೆ, ಜಾಸ್ತಿಯಾದರೂ ಏಳುತ್ತದೆ. ಊಟ ತಡವಾದರೆ, ಬಿಸಿಲು ಕಣ್ಣಿಗೆ ಹೊಡೆದರೆ, ಮುಟ್ಟಿನ ದಿನಗಳು ಹತ್ತಿರ ಬಂದರೆ ಏಳುತ್ತದೆ. ಒಮ್ಮೊಮ್ಮೆ ಏನೂ ಕಾರಣವಿಲ್ಲದೆಯೂ ಏಳುತ್ತದೆ. ಎದ್ದಾಗ ಬೆಳಕು ಚುಚ್ಚುತ್ತದೆ, ಶಬ್ದ ಬಡಿಯುತ್ತದೆ, ವಾಸನೆ ಹೊಟ್ಟೆ ತೊಳಸುತ್ತದೆ. ನೋವು ಹೋದ ಮೇಲೂ ಒಂದು ದಿನ ಆ ಮನುಷ್ಯ ಹಿಂಡಿಹಾಕಿದ ಬಟ್ಟೆಯ ಹಾಗಿರುತ್ತಾನೆ.

"ಗುಳಿಗೆ ಬರೆಯೋದು ನನಗೆ ಸುಲಭ," ಎಂದರು ಪಾಠಕ್. "ಆದರೆ ಬಸುರಿಗೆ ಏನು ಬರೀಲಿ? ಹೊಟ್ಟೆಯಲ್ಲಿ ಹುಣ್ಣಿರುವವನಿಗೆ? ಈಗಾಗಲೇ ಮುಷ್ಟಿಗಟ್ಟಲೆ ನುಂಗುತ್ತಾ ಇರುವವರಿಗೆ? ಅವರಿಗಾಗಿ ನೀವು ಬೇಕು."

ಹೀಗೆ ಶುರುವಾಯಿತು ನಮ್ಮ ಕೋಣೆ. ಹಳೆಯ ಉಗ್ರಾಣವೊಂದನ್ನು ಖಾಲಿ ಮಾಡಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿ, ಎರಡು ಆರಾಮ ಕುರ್ಚಿ ಇಡಿಸಿದರು. ಉದ್ಘಾಟನೆಯ ದಿನ ಪಾಠಕ್ ಅವರಿಗೆ ಉತ್ಸಾಹ ಹೆಚ್ಚಾಗಿ, ಕೋಣೆಯಲ್ಲಿ ಶಾಂತ ವಾತಾವರಣ ಇರಲಿ ಎಂದು ಮಲ್ಲಿಗೆ ವಾಸನೆಯ ಅಗರಬತ್ತಿಯ ಇಡೀ ಕಟ್ಟನ್ನು ಹಚ್ಚಿಸಿದ್ದರು. ಮೊದಲ ರೋಗಿ ಬಾಗಿಲಲ್ಲಿ ಕಾಲಿಟ್ಟವಳೇ ಅವರ ಬೂಟಿನ ಮೇಲೆ ವಾಂತಿ ಮಾಡಿಕೊಂಡಳು. ವಾಸನೆಯಿಂದ ತಲೆನೋವು ಏಳುತ್ತದೆ ಎಂದು ನನಗೆ ಪಾಠ ಹೇಳಿದ್ದವರು ಅವರೇ. ಬೂಟು ಒರೆಸಿಕೊಳ್ಳುತ್ತಾ, "ಇದು ನಮ್ಮ ಮೊದಲ ಸಂಶೋಧನೆ," ಎಂದರು. ಅವರು ನಕ್ಕದ್ದನ್ನು ಅಂದೇ ನಾನು ಮೊದಲು ನೋಡಿದ್ದು.

ಆ ಮೊದಲ ರೋಗಿಯ ಹೆಸರು ವಸಂತಿ. ಕುಂದಾಪುರದ ಕಡೆಯವರು. ಗಂಡನ ಜೊತೆ ನಾಸಿಕ್‌ನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅಡುಗೆಮನೆ ಪೂರ್ತಿ ಅವರ ಕೈಯಲ್ಲಿ. ನಾನು ಕನ್ನಡದವಳು ಎಂದು ತಿಳಿದ ಕೂಡಲೇ ಆಕೆಯ ಮಾತಿನ ಕಟ್ಟೆ ಒಡೆಯಿತು.

"ತಲೆನೋವು ಯಾವ ದಿನ ಇರ್ತದೆ ಅಂತ ಕೇಳ್ಬೇಡಿ ಮೇಡಂ. ಇಲ್ಲದ ದಿನ ಯಾವುದು ಅಂತ ಕೇಳಿ. ನಂಗೇ ಗೊತ್ತಿಲ್ಲ."

"ಗುಳಿಗಿ ಎಷ್ಟು ತಗೋತೀರಿ?"

"ಬೆಳಿಗ್ಗೆ ಒಂದು ನುಂಗಿಯೇ ಒಲೆ ಹಚ್ಚುದು. ಮಧ್ಯಾಹ್ನ ಊಟದ ರಶ್ಶಿಗೆ ಮುಂಚೆ ಮತ್ತೊಂದು. ಸಂಜೆಯದ್ದು ನೆನಪೇ ಇರೂದಿಲ್ಲ, ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಗ್ತದೆ."

ಪಾಠಕ್ ಅವರಿಗೆ ಇದನ್ನು ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. ನೋವಿನ ಗುಳಿಗೆಯನ್ನು ಹೀಗೆ ದಿನವೂ ನುಂಗಿದರೆ ಗುಳಿಗೆಯೇ ನೋವನ್ನು ಕಾಯಂ ಮಾಡುತ್ತದೆ. ಬಿಟ್ಟರೆ ನೋವು ಮೊದಲು ಹೆಚ್ಚಾಗುತ್ತದೆ, ಆಮೇಲೆ ಇಳಿಯುತ್ತದೆ. ಆ ನಡುವಿನ ದಿನಗಳನ್ನು ದಾಟಿಸಬೇಕು, ಅದೂ ವೈದ್ಯರ ಕಣ್ಣೆದುರೇ ಆಗಬೇಕು. ಕೆಲವು ಗುಳಿಗೆಗಳನ್ನು ಹಠಾತ್ತಾಗಿ ನಿಲ್ಲಿಸುವಂತೆಯೂ ಇಲ್ಲ. ವಸಂತಿಯ ವಿಷಯದಲ್ಲಿ ನಿಲ್ಲಿಸಬಹುದು ಎಂದು ಪಾಠಕ್ ನೋಡಿ ನಿರ್ಧರಿಸಿದರು. ದಾಟಿಸುವ ಕೆಲಸ ನನ್ನದಾಯಿತು.

ನಮ್ಮಲ್ಲಿದ್ದ ಹೊಸ ಸಾಧನವೆಂದರೆ ಬೆರಳಿಗೆ ಅಂಟಿಸುವ ಒಂದು ಪುಟ್ಟ ಥರ್ಮಾಮೀಟರು. ಒಳಗೆ ಬಿಗಿದುಕೊಂಡ ಮನುಷ್ಯನ ಬೆರಳು ತಣ್ಣಗಿರುತ್ತದೆ, ಸಡಿಲಾದಂತೆ ಬೆಚ್ಚಗಾಗುತ್ತದೆ. ಆ ಅಂಕಿ ನೋಡುತ್ತಾ ನೋಡುತ್ತಾ ಮೈ ಸಡಿಲಿಸುವುದನ್ನು ಕಲಿಯಬಹುದು. ವಸಂತಿಯ ಬೆರಳು ಬಾವಿಯ ನೀರಿನ ಹಾಗಿತ್ತು. ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಬಿಸಿಲಿನಲ್ಲಿ ಕೂತ ಹಾಗೆ ನೆನೆಸಿಕೊಳ್ಳಿ ಎಂದೆ. ಅಂಕಿ ಏರಲಿಲ್ಲ. ಬಿಸಿಲನ್ನು ನೆನೆಸಿಕೊಳ್ಳುವುದಾದರೂ ಹೇಗೆ, ಅದೇ ಆಕೆಗೆ ಶತ್ರು. ಇನ್ನೊಂದು ದಿನ ಆಕೆ ತಾನಾಗಿಯೇ, "ಬಿಸಿ ಗಂಜಿಯ ಬಟ್ಟಲು ಎರಡೂ ಕೈಯಲ್ಲಿ ಹಿಡ್ಕೊಂಡ ಹಾಗೆ ನೆನೆಸ್ಲಾ?" ಎಂದು ಕೇಳಿದರು. ನೋಡುತ್ತಿದ್ದ ಹಾಗೆ ಅಂಕಿ ಮೇಲೇರಿತು. ಆಕೆಯ ಹಣೆಯ ಗೆರೆಗಳು ಒಂದೊಂದಾಗಿ ಬಿಟ್ಟುಕೊಂಡವು. ಅಂದಿನಿಂದ ನಾನು ಯಾರಿಗೂ ನನ್ನ ಚಿತ್ರ ಕೊಟ್ಟಿಲ್ಲ. ಅವರವರ ಬಿಸಿ ಅವರವರೇ ಹುಡುಕಿಕೊಳ್ಳಬೇಕು.

ಗುಳಿಗೆ ಬಿಟ್ಟ ಮೊದಲ ವಾರ ಆಕೆ ನನ್ನನ್ನು ಬಾಯಿಗೆ ಬಂದ ಹಾಗೆ ಬೈದರು. ಎರಡನೆಯ ವಾರ ಅತ್ತರು. ಕುತ್ತಿಗೆಯ ಹಿಂದೆ ತಣ್ಣನೆಯ ಪಟ್ಟಿ, ಕತ್ತಲೆ, ನಿಧಾನದ ಉಸಿರು ಇಷ್ಟರಲ್ಲೇ ದಿನ ತಳ್ಳಿದರು. ನಾನು ಹೋಟೆಲಿಗೆ ಹೋಗಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಊರಿಗೆಲ್ಲ ತಿಂಡಿ ಮಾಡಿ ಹಾಕುವ ಹೆಂಗಸು ತಾನು ತಿನ್ನುವುದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ. "ಮೊದಲನೇ ದೋಸಿ ನಿಮಗ, ಆಮ್ಯಾಲೆ ಗಿರಾಕಿಗೆ," ಎಂದು ನಾನು ಅವರ ಗಂಡನೆದುರೇ ಕಟ್ಟಪ್ಪಣೆ ಮಾಡಿದೆ. ಗಂಡ ಒಳ್ಳೆಯವರು. ಆ ಮೊದಲ ದೋಸೆಯನ್ನು ದಿನಾ ತಾವೇ ತಟ್ಟೆಗೆ ಹಾಕಿ ಹೆಂಡತಿಯ ಮುಂದೆ ಹಿಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ವಸಂತಿಗೆ ತಲೆನೋವಿಲ್ಲದ ದಿನಗಳೇ ಹೆಚ್ಚಾದವು. ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಅರೆತಲೆನೋವನ್ನು ಬೇರುಸಹಿತ ಕೀಳುತ್ತೇನೆ ಎನ್ನುವವರನ್ನು ನೀವೂ ನಂಬಬೇಡಿ. ಯಾವಾಗಲಾದರೊಮ್ಮೆ ಬರುತ್ತಿತ್ತು, ಬಂದರೆ ಆಕೆ ಹೆದರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಗೆಲುವು ತಲೆಗೇರಿದಾಗಲೇ ಅನಾಹುತಗಳಾಗುವುದು. ನಮ್ಮ ಕೋಣೆಗೆ ಹೆಸರು ಬಂದ ಮೇಲೆ ಹತ್ತಿರದ ನಿಫಾಡ್‌ನ ದ್ರಾಕ್ಷಿ ತೋಟದವರೊಬ್ಬರನ್ನು ಮನೆಯವರು ನೇರವಾಗಿ ನನ್ನ ಹತ್ತಿರ ಕರೆತಂದರು. "ಔಷಧ ಬೇಡ, ನಿಮ್ಮ ಉಸಿರಾಟದ ವ್ಯಾಯಾಮ ಹೇಳಿಕೊಡಿ," ಎಂದರು. ಆ ಮನುಷ್ಯನಿಗೆ ಅದಕ್ಕೆ ಮುಂಚೆ ತಲೆನೋವಿನ ಅಭ್ಯಾಸವೇ ಇರಲಿಲ್ಲ. ಬಳ್ಳಿ ಕತ್ತರಿಸುತ್ತಿದ್ದಾಗ ಸಿಡಿಲು ಬಡಿದ ಹಾಗೆ ಬಂತಂತೆ. ಗದ್ದ ಎದೆಗೆ ತಾಗಿಸಲು ಆಗುತ್ತಿರಲಿಲ್ಲ. ನಾನು ಕುರ್ಚಿಯಲ್ಲೂ ಕೂರಿಸಲಿಲ್ಲ, ಸ್ಟ್ರೆಚರ್ ತರಿಸಿ ಪಾಠಕ್ ಅವರ ಬಳಿಗೆ ಓಡಿಸಿದೆ. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಶಸ್ತ್ರಚಿಕಿತ್ಸೆಯಾಗಿ ಬದುಕಿದರು. ಹಠಾತ್ತಾಗಿ ಬಂದ ಭಯಂಕರ ನೋವು, ಜ್ವರದ ಜೊತೆಗಿನ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ವಯಸ್ಸಾದ ಮೇಲೆ ಹೊಸದಾಗಿ ಶುರುವಾದದ್ದು ಇವು ಯಾವುವೂ ನಮ್ಮ ಕೆಲಸವಲ್ಲ. ಮೊದಲು ವೈದ್ಯರು, ಆಮೇಲೆ ನಾವು.

ಗಂಡನಿಗೆ ಮತ್ತೆ ವರ್ಗವಾಗಿ ನಾವು ಸಂಭಾಜಿನಗರಕ್ಕೆ ಬಂದೆವು. ಊರ ಹೊರಗಿನ ಶೇಂದ್ರಾದಲ್ಲಿ ವಾಹನಗಳ ಬ್ರೇಕಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತು. ನನ್ನನ್ನು ಸೇರಿಸಿಕೊಂಡದ್ದು ಕಾರ್ಮಿಕರ ಸೊಂಟ, ಭುಜ ನೋಡಿಕೊಳ್ಳಲಿಕ್ಕೆ. ತಲೆನೋವಿಗೆ ಅಲ್ಲಿ ಒಂದು ಗಾಜಿನ ಭರಣಿಯಿತ್ತು. ಕೇಳಿದವರಿಗೆ ಅದರಿಂದ ಗುಳಿಗೆ ತೆಗೆದುಕೊಟ್ಟು ಕಳಿಸುತ್ತಿದ್ದರು.

ಸ್ನೇಹಾ ನನ್ನೆದುರು ಬಂದದ್ದು ಅಳುತ್ತಾ ಅಲ್ಲ, ಹಲ್ಲು ಕಚ್ಚಿಕೊಂಡು. ಡಿಪ್ಲೊಮಾ ಮುಗಿಸಿ ತರಬೇತಿಗೆ ಸೇರಿದ್ದ ಹುಡುಗಿ. ತಯಾರಾದ ಭಾಗಗಳನ್ನು ದೀಪದ ಕೆಳಗೆ ಹಿಡಿದು ಬಿರುಕು ನೋಡುವುದು ಅವಳ ಕೆಲಸ. ತಂದೆ ಇಂಡಿ ತಾಲೂಕಿನವರು, ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದರು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ.

ನಾನು ಕನ್ನಡದಲ್ಲಿ ಮಾತಾಡಿಸಿದಾಗ, "ಮ್ಯಾಡಮ್, ನನಗ ಕನ್ನಡ ಸಮಜತೈತ್ರಿ. ಬೋಲಾಕ ಅಷ್ಟ ಬರಂಗಿಲ್ಲ," ಎಂದಳು. ತಿಳಿಯುತ್ತದೆ, ಮಾತಾಡಲು ಮಾತ್ರ ತೊಡಕು.

"ಬಂದಷ್ಟ ಹೇಳವಾ. ಏನಾತು?"

"ಮೊದಲ ಕಣ್ಣಾಗ ಜಿಗ್‌ಜ್ಯಾಗ್ ಲೈಟ್ ಬರ್ತೈತ್ರಿ. ಆಮ್ಯಾಲೆ ಅರ್ಧಾ ಕಾಣಸಂಗಿಲ್ಲ. ನಿಮ್ಮ ಮಾರಿ ನೋಡಿದ್ರ ಒಂದ ಕಣ್ಣ ಇರಂಗಿಲ್ಲ. ಥೋಡೆ ವೇಳ್, ಸ್ವಲ್ಪ ಹೊತ್ತು, ಹಂಗ ಇರ್ತೈತಿ, ನಂತರ ತಲಿ ಒಡಿತೈತಿ."

ಹಿಂದಿನ ದಿನ ಕೆಲಸದ ನಡುವೆ ಹಾಗೆ ಆಗಿತ್ತು. ಹೇಳಿದರೆ ಕೆಲಸ ಹೋಗುತ್ತದೆಂದು ಅವಳು ಸುಮ್ಮನೆ ಕೈ ಆಡಿಸಿದ್ದಳು. ಅರ್ಧ ಕಾಣದ ಕಣ್ಣಿನಿಂದಲೇ ಒಂದು ಪೆಟ್ಟಿಗೆಯಷ್ಟು ಭಾಗಗಳನ್ನು ಸರಿಯಿವೆ ಎಂದು ದಾಟಿಸಿದ್ದಳು. ದೃಷ್ಟಿ ಮರಳಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ತಲೆ ಒಡೆಯುತ್ತಿದ್ದರೂ ಲೈನ್ ಇನ್‌ಚಾರ್ಜ್ ಶಿಂದೆಯವರ ಬಳಿಗೆ ಹೋಗಿ, "ಆ ಪೆಟ್ಟಿಗೆ ವಾಪಸ್ ತರಿಸಿ, ನಾನು ನೋಡಿಲ್ಲ," ಎಂದಿದ್ದಳು. ತರಿಸಿ ನೋಡಿದರೆ ಅದರಲ್ಲಿ ಬಿರುಕು ಬಿಟ್ಟದ್ದು ಸಿಕ್ಕಿತ್ತು. ಬ್ರೇಕಿನ ಭಾಗ. ಯಾರದೋ ಗಾಡಿ ಯಾವುದೋ ಘಾಟಿನ ಇಳಿಜಾರಿನಲ್ಲಿ ಅದನ್ನೇ ನಂಬಿ ಇಳಿಯುತ್ತಿತ್ತು.

ಶಿಂದೆ ಅವಳನ್ನು ತೆಗೆದುಹಾಕಬೇಕೆಂದು ಬರೆದುಕೊಟ್ಟಾಗಿತ್ತು. "ಕೆಲಸ ಬಿಡು ಅಂತ ಅಪ್ಪಾನೂ ಅನ್ನಾಕತ್ತಾರ್ರಿ," ಎಂದಳು. "ನಾ ಬಿಡಂಗಿಲ್ಲ. ಈ ಕೆಲಸ ನನಗ ಆವಡತೈತಿ." ಆ ಕೆಲಸ ಇಷ್ಟವೆಂದು ಅಷ್ಟು ನೇರವಾಗಿ ಹೇಳಿದವರನ್ನು ನಾನು ಆ ಕಾರ್ಖಾನೆಯಲ್ಲಿ ನೋಡಿರಲಿಲ್ಲ.

ನಾನು ಜನರಲ್ ಮ್ಯಾನೇಜರ್ ಬಳಿಗೆ ಹೋದೆ. ಶಿಂದೆಯೂ ಬಂದು ನಿಂತರು. ಕಟ್ಟುನಿಟ್ಟಿನ ಮನುಷ್ಯ. ಕೆಟ್ಟವರಲ್ಲ, ಅವರ ಮೇಲೂ ಜವಾಬ್ದಾರಿಯಿತ್ತು.

"ತಲೆನೋವು ಒಂದು ನೆಪ," ಎಂದರು ಶಿಂದೆ. "ಇವತ್ತು ಇವಳಿಗೆ ವಿನಾಯಿತಿ ಕೊಟ್ಟರೆ ನಾಳೆ ಇಡೀ ಲೈನು ಹಣೆ ಹಿಡಿದುಕೊಂಡು ಕೂರುತ್ತದೆ."

"ಶಿಂದೆಸಾಹೇಬ್, ಆ ಪೆಟ್ಟಿಗೆ ವಾಪಸ್ ತರಿಸಿದ್ದು ಯಾರು?" ಎಂದು ಕೇಳಿದೆ. "ನೀವಲ್ಲ, ನಾನಲ್ಲ. ಅವಳು. ಸತ್ಯ ಹೇಳಿದ್ದಕ್ಕೆ ಅವಳನ್ನು ಕಳಿಸಿದರೆ, ಕಣ್ಣು ಮಂಜಾದ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಪೆಟ್ಟಿಗೆ ದಾಟಿಸುತ್ತಾರೆ. ಅದು ನಿಮಗೆ ಬೇಕೇ?"

ಮ್ಯಾನೇಜರ್ ಶಿಂದೆ ಬರೆದುಕೊಟ್ಟ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಿಮಗೆ ಏನು ಬೇಕು?" ಎಂದರು.

ತರಬೇತಿ ಮುಗಿಯುವವರೆಗೆ ಸಮಯ, ಅವಳಿಗೆ ಒಂದೇ ಪಾಳಿ, ತಪಾಸಣೆಯ ಜಾಗದ ದೀಪ ನೋಡಲು ಒಬ್ಬ ಎಲೆಕ್ಟ್ರಿಷಿಯನ್ ಇಷ್ಟು ಕೇಳಿದೆ. ಜೊತೆಗೆ ಒಂದು ನಿಯಮ. ಕಣ್ಣಲ್ಲಿ ಬೆಳಕು ಆಡಿದ ಕ್ಷಣ ಅವಳು ಕೈ ಎತ್ತಬೇಕು, ಬೇರೆಯವರು ಕೂರಬೇಕು, ಯಾರೂ ಪ್ರಶ್ನೆ ಕೇಳಬಾರದು. ತರಬೇತಿ ಮುಗಿಯುವವರೆಗೆ ಅವಳು ನೋಡಿದ್ದನ್ನೆಲ್ಲ ಇನ್ನೊಬ್ಬರು ಮರುತಪಾಸಣೆ ಮಾಡಲಿ ಎಂದು ಶಿಂದೆ ಹಟ ಹಿಡಿದರು. ಅದು ನ್ಯಾಯವೇ, ಒಪ್ಪಿಕೊಂಡೆ.

ಮೊದಲು ಅವಳನ್ನೂ ಅವಳ ತಂದೆಯನ್ನೂ ನಾಸಿಕ್‌ಗೆ ಕರೆದುಕೊಂಡು ಹೋದೆ. ಪಾಠಕ್ ಅವರಿಗೆ ಅಷ್ಟರಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸ್ಕ್ಯಾನ್ ಮಾಡಿಸಿ, ಕಣ್ಣು ನೋಡಿ, "ಭಯಪಡುವಂಥದ್ದೇನೂ ಇಲ್ಲ, ಇದು ಮೈಗ್ರೇನೇ," ಎಂದರು. ತೀರಾ ಬೇಕಾದಾಗ ನುಂಗಲು ಒಂದು ಗುಳಿಗೆ ಬರೆದು, "ಇದನ್ನ ಕೊನೆಗೆ ಬಳಸು. ಮೊದಲು ಗಿರಿಜಾತಾಯಿ ಹೇಳಿದ ಹಾಗೆ ಮಾಡು," ಎಂದು ಹೇಳಿ ಕಳಿಸಿದರು.

ಊಟಕ್ಕೆ ವಸಂತಿಯ ಹೋಟೆಲಿಗೆ ಹೋದೆವು. ಅಲ್ಲಿ ಕೂತ ಮೇಲೆ ಸ್ನೇಹಾಳ ತಂದೆ, "ಮಷಿನ್ ಮುಂದ ಬಿದ್ದು ಏನಾರ ಮಾಡಿಕೊಂಡ್ರ ಏನ ಮಾಡೂದ್ರಿ? ಮನ್ಯಾಗ ಇದ್ರ ಚಲೋ ಅಲ್ರಿ?" ಎಂದರು.

ವಸಂತಿ ಕೈ ಒರೆಸಿಕೊಳ್ಳುತ್ತಾ ಬಂದು ಎದುರಿನ ಕುರ್ಚಿ ಎಳೆದುಕೊಂಡರು. "ಮನೆಯಲ್ಲಿ ಕೂತ್ರೆ ತಲೆನೋವು ಬರೂದಿಲ್ವಾ? ಬರ್ತದೆ. ಕೆಲಸ ಮಾತ್ರ ಇರೂದಿಲ್ಲ. ನಾನು ಬೆಂಕಿಯೆದುರು ನಿಂತು ಇಷ್ಟು ವರ್ಷ ಆಯ್ತು. ಇವಳಿಗೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಮತ್ತೆ ನೀವು ಹಿಂದೆ ನಿಲ್ಲುದು. ಹೆದರಿಸುದಲ್ಲ." ಹಾಗೆಂದವರೇ ಸ್ನೇಹಾಳ ಕೈ ಹಿಡಿದು, "ಅಯ್ಯೋ, ಎಷ್ಟು ತಣ್ಣಗುಂಟು," ಎಂದು ಎರಡೂ ಕೈಗಳಲ್ಲಿ ಮುಚ್ಚಿಕೊಂಡರು. ಹುಡುಗಿ ಅಂದು ಮೊದಲ ಬಾರಿ ಅತ್ತಳು. ತಂದೆ ನೀರಿನ ಲೋಟವನ್ನು ಅವಳತ್ತ ಸರಿಸಿದರು. ಆಮೇಲೆ ಅವರ ಬಾಯಲ್ಲಿ ಕೆಲಸ ಬಿಡುವ ಮಾತು ಬರಲಿಲ್ಲ.

ಸಂಭಾಜಿನಗರಕ್ಕೆ ಮರಳಿ ನಾವು ಪಟ್ಟು ಹಿಡಿದೆವು. ರಜೆಯ ದಿನವೂ ಅದೇ ಹೊತ್ತಿಗೆ ಏಳುವುದು, ತಿಂಡಿ ತಪ್ಪಿಸದಿರುವುದು, ನೀರಿನ ಬಾಟಲಿ, ಸಂಜೆ ಉಸಿರು ಏರುವಷ್ಟು ಬಿರುಸಿನ ನಡಿಗೆ, ಬೆರಳಿಗೆ ಥರ್ಮಾಮೀಟರು. ತಪಾಸಣೆಯ ಜಾಗದ ಹಳೆಯ ಟ್ಯೂಬ್‌ಲೈಟು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತಿತ್ತು. ಎಲೆಕ್ಟ್ರಿಷಿಯನ್ ಅದನ್ನು ತೆಗೆದು, ಮಿಣುಕದ ದೀಪವನ್ನು ಪಕ್ಕಕ್ಕೆ ಬರುವ ಹಾಗೆ ಕೂರಿಸಿದ.

ಸುಲಭವಾಗಲಿಲ್ಲ. ಮೊದಲ ತಿಂಗಳಲ್ಲಿ ಅವಳು ಮತ್ತೆ ಮತ್ತೆ ಕೈ ಎತ್ತಬೇಕಾಯಿತು. ಪ್ರತಿ ಸಲವೂ ಇಡೀ ಲೈನು ತಿರುಗಿ ನೋಡುತ್ತಿತ್ತು, ಶಿಂದೆ ಗಡಿಯಾರ ನೋಡುತ್ತಿದ್ದರು. ಅವಳು ಕೆನ್ನೆ ಕೆಂಪಾಗಿಸಿಕೊಂಡು ನನ್ನ ಕೋಣೆಗೆ ಬಂದು, ಕತ್ತಲಲ್ಲಿ ಕೂತು, ಕಣ್ಣು ಮುಚ್ಚಿ ಬೆರಳು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. "ಏನು ನೆನಸ್ತೀ?" ಎಂದು ಕೇಳಿದರೆ, "ವಸಂತಿ ಅಕ್ಕಾರ ಕೈ," ಎನ್ನುತ್ತಿದ್ದಳು. ಎರಡನೆಯ ತಿಂಗಳು ಕೈ ಎತ್ತಿದ್ದು ಕಡಿಮೆಯಾಯಿತು. ಮೂರನೆಯದರಲ್ಲಿ ಒಂದೇ ಸಲ. ಆ ಸಲ ಅವಳು ಎದ್ದಾಗ ಶಿಂದೆ ಗಡಿಯಾರ ನೋಡಲಿಲ್ಲ. ತಾವೇ ಬಂದು ಅವಳ ಜಾಗದಲ್ಲಿ ಕೂತು ಬಿಡಿಭಾಗ ಕೈಗೆತ್ತಿಕೊಂಡರು.

ತರಬೇತಿ ಮುಗಿದಾಗ ಮರುತಪಾಸಣೆಯ ಫಲಿತಾಂಶವನ್ನು ಮ್ಯಾನೇಜರ್ ಎದುರು ಓದಿದವರು ಶಿಂದೆಯೇ. ಸ್ನೇಹಾ ದಾಟಿಸಿದ್ದರಲ್ಲಿ ಒಂದೂ ಬಿರುಕಿನದ್ದು ಸಿಕ್ಕಿರಲಿಲ್ಲ. "ನನ್ನ ಲೈನಿಗೆ ಇವಳು ಬೇಕು," ಎಂದು ಅಷ್ಟೇ ಹೇಳಿ ಕೂತರು. ಕೆಲಸ ಕಾಯಂ ಆಯಿತು. ಸ್ನೇಹಾ ಹೊರಗೆ ಬಂದು ನನ್ನ ಕಾಲಿಗೆ ಬೀಳಲು ಬಗ್ಗಿದಳು. ನಾನು ಅರ್ಧದಲ್ಲೇ ಹಿಡಿದೆತ್ತಿ, "ಮೊದಲ ಹೋಗಿ ಉಣ್ಣು, ಹೊತ್ತಾತು," ಎಂದೆ.

ಅದಾದ ಮೇಲೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ಪ್ಯಾಕಿಂಗ್‌ನ ಹೆಂಗಸೊಬ್ಬರು ಬಂದರು. ಲೇತ್ ಮಷಿನ್ನಿನ ಗಂಡಸೊಬ್ಬ ಬಂದ. ಕ್ಯಾಂಟೀನಿನವರು ಬಂದರು. ವರ್ಷಗಟ್ಟಲೆ ಬಚ್ಚಿಟ್ಟುಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಎಲ್ಲರದೂ ಮೈಗ್ರೇನ್ ಆಗಿರಲಿಲ್ಲ. ಒಬ್ಬರಿಗೆ ಕನ್ನಡಕ ಬೇಕಿತ್ತು, ಇನ್ನೊಬ್ಬರಿಗೆ ರಕ್ತದೊತ್ತಡವಿತ್ತು. ಅವರನ್ನು ವೈದ್ಯರ ಬಳಿಗೆ ಕಳಿಸಿದೆವು. ಉಳಿದವರಿಗಾಗಿ ಕಾರ್ಖಾನೆಯಲ್ಲೂ ಒಂದು ಕತ್ತಲೆ ಕೋಣೆ ಆಯಿತು. ಹೊಸಬರಿಗೆ ಉಸಿರಾಟ ಹೇಳಿಕೊಡುವ ಕೆಲಸವನ್ನು ಸ್ನೇಹಾ ತಾನಾಗಿ ವಹಿಸಿಕೊಂಡಳು. ಗುಳಿಗೆಯ ಆ ಗಾಜಿನ ಭರಣಿ ಬೇಡವೆಂದು ಕಾರ್ಖಾನೆಯ ವೈದ್ಯರೇ ಒಂದು ದಿನ ತೆಗೆಸಿಹಾಕಿದರು.

ನನ್ನ ನಿವೃತ್ತಿಯ ಸಮಾರಂಭ ಕ್ಯಾಂಟೀನಿನ ದೊಡ್ಡ ಹಾಲಿನಲ್ಲಿ ನಡೆಯಿತು. ಶಾಲು, ತೆಂಗಿನಕಾಯಿ, ಹಾರ, ಎಲ್ಲ ಇತ್ತು. ಮೈಕು ಕೂಗುತ್ತಿತ್ತು. ಸ್ನೇಹಾ ನನ್ನ ಬಗ್ಗೆ ಕನ್ನಡದಲ್ಲಿ ಮಾತಾಡುತ್ತೇನೆಂದು ವಾರದಿಂದ ತಂದೆಯಿಂದ ಹೇಳಿಸಿಕೊಂಡು ತಯಾರಾಗಿದ್ದಳು. ಅವಳ ಹೆಸರು ಕರೆದರು. ಅವಳು ಎದ್ದು ನಿಂತಳು, ಮುಂದೆ ಬರಲಿಲ್ಲ. ನಿಂತಲ್ಲೇ ಕೈ ಎತ್ತಿದಳು.

ಹಾಲಿನಲ್ಲಿದ್ದ ಅಷ್ಟೂ ಜನಕ್ಕೆ ಅದರ ಅರ್ಥ ಗೊತ್ತಿತ್ತು. ಯಾರೂ ಗಾಬರಿಯಾಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಮೈಕಿನ ಬಳಿ ಇದ್ದವರು ಅದನ್ನು ಬಂದ್ ಮಾಡಿದರು. ಯಾರೋ ದೇವರ ಪಟದ ಮುಂದಿನ ಅಗರಬತ್ತಿ ಆರಿಸಿದರು. ಶಿಂದೆ ವೇದಿಕೆಯಿಂದ ಇಳಿದು ಹೋಗಿ ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ಹಾಲಿನ ದೀಪಗಳನ್ನೆಲ್ಲ ಆರಿಸಿದರು. ಕಿಟಕಿಯ ಮಬ್ಬು ಬೆಳಕು ಮಾತ್ರ ಉಳಿಯಿತು. ಜನರಲ್ ಮ್ಯಾನೇಜರ್ ಆ ಮಬ್ಬಿನಲ್ಲಿ, ಮೈಕಿಲ್ಲದೆ, ಮೆಲ್ಲಗೆ ತಮ್ಮ ಭಾಷಣ ಮಾಡಿದರು. ಎಲ್ಲರೂ ಮುಂದಕ್ಕೆ ಬಾಗಿ ಕೇಳಿದರು.

ಸ್ನೇಹಾ ಮೂಲೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಕೂತಿದ್ದಳು. ನಾನು ಎದ್ದು ಹತ್ತಿರ ಹೋಗಲಿಲ್ಲ. ನನ್ನ ಅಗತ್ಯ ಅವಳಿಗಿರಲಿಲ್ಲ, ಅದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಭಾಷಣಗಳೆಲ್ಲ ಮುಗಿಯುವ ಹೊತ್ತಿಗೆ ಅವಳು ಕಣ್ಣು ತೆರೆದು, ಎದ್ದು, ನಿಧಾನವಾಗಿ ನಡೆದು ಬಂದು ವೇದಿಕೆಯ ಮೇಲೆ ನನ್ನ ಪಕ್ಕ ನಿಂತಳು. ಮುಖ ಬಿಳಿಚಿತ್ತು, ಧ್ವನಿ ಗಟ್ಟಿಯಾಗಿತ್ತು.

"ಮ್ಯಾಡಮ್," ಎಂದಳು, "ಈಗ ನಿಮ್ಮ ಮಾರಿ ಪೂರ್ತಿ ಕಾಣತೈತ್ರಿ. ಮಾತಾಡ್ತೀನಿ."